ಮನೆಯ ಆರೈಕೆಗೆ ಆಕ್ಯುಪ್ರೆಶರ್: ಕಲಿಯಬೇಕೇ, ಬಿಡಬೇಕೇ?

ಹುಬ್ಬುಗಳ ನಡುವೆ ಒತ್ತಿದರೆ ತಲೆನೋವು ಇಳಿಯುತ್ತದೆ, ಕೆನ್ನೆಯ ಈ ಜಾಗ ಹೊಟ್ಟೆಗೆ, ಗಲ್ಲದ ಆ ಜಾಗ ಸೊಂಟಕ್ಕೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ಕನ್ನಡ ಮನೆಗಳಲ್ಲೂ ಇಂಥ ವಿಡಿಯೋ ಫೋನಿನಿಂದ ಫೋನಿಗೆ ಓಡಾಡುತ್ತಿದೆ. ದಿನನಿತ್ಯದ ಸಣ್ಣಪುಟ್ಟ ತೊಂದರೆಗೆ ಆಕ್ಯುಪ್ರೆಶರ್ (ಮೈಯ ಕೆಲವು ಬಿಂದುಗಳನ್ನು ಬೆರಳಿನಿಂದ ಒತ್ತುವುದು), ಮುಖದ ರಿಫ್ಲೆಕ್ಸಾಲಜಿ (ಮುಖದ ಒಂದೊಂದು ಜಾಗ ಒಂದೊಂದು ಅಂಗಕ್ಕೆ ಸೇರಿದ್ದು ಎಂದು ನಂಬಿ ಒತ್ತುವುದು) ಕಲಿತು ಮಾಡಿಕೊಳ್ಳುವುದು ಒಳ್ಳೆಯದೇ? ಇಬ್ಬರ ಮಾತು ಇಲ್ಲಿದೆ.

ಪರ

ಬೀಡಿ ಕಟ್ಟುವ ಹೆಂಗಸಿನ ಕತ್ತನ್ನು ಸಂಜೆ ಹೊತ್ತಿಗೆ ಒಮ್ಮೆ ಮುಟ್ಟಿ ನೋಡಿ. ಹಲಗೆಯ ಹಾಗೆ ಗಟ್ಟಿಯಾಗಿರುತ್ತದೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ತಲೆ ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಬಾಯಿ ಮಡಚಬೇಕು. ಮತ್ತೆ ಮುಂದಿನ ಎಲೆ. ಹೆಬ್ಬೆರಳಿಗೂ ತೋರುಬೆರಳಿಗೂ ಬಿಡುವೇ ಇಲ್ಲ. ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವವರ ಕಥೆಯೂ ಹೆಚ್ಚುಕಡಿಮೆ ಇದೇ. ಇಂಥ ನೋವಿಗೆ ಯಾರೂ ಕೆಲಸ ಬಿಟ್ಟು ಡಾಕ್ಟರ ಹತ್ತಿರ ಹೋಗುವುದಿಲ್ಲ. ಅಂಗಡಿಯಿಂದ ಮಾತ್ರೆ ತರಿಸುತ್ತಾರೆ.

ಮಾತ್ರೆ ಒಂದೆರಡು ದಿನಕ್ಕಾದರೆ ಪರವಾಗಿಲ್ಲ. ದಿನಾ ಆದರೆ ಕಷ್ಟ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ್ದನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ತಲೆನೋವಿನ ಸಾದಾ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಿನ್ನುತ್ತಾ ಮೂರು ತಿಂಗಳು ದಾಟಿದರೆ, ಆ ಮಾತ್ರೆಯೇ ತಲೆನೋವು ತರಬಹುದು. ವೈದ್ಯರು ಗುರುತಿಸಿರುವ ತೊಂದರೆ ಇದು. ಮಾತ್ರೆಗೆ ಕೈ ಹಾಕುವ ಮೊದಲು ಹತ್ತು ನಿಮಿಷ ಬೆರಳಿಗೆ ಕೊಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮಣಿಕಟ್ಟಿನ ಬಿಂದುವನ್ನೇ ತೆಗೆದುಕೊಳ್ಳಿ. ಅಂಗೈ ಮೇಲೆ ಮಾಡಿ ಮುಷ್ಟಿ ಬಿಗಿದರೆ ನಡುವೆ ಎರಡು ಹುರಿಗಳು ಎದ್ದು ಕಾಣುತ್ತವೆ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ಅಳೆದು, ಆ ಹುರಿಗಳ ನಡುವೆ ಹೆಬ್ಬೆರಳಿಡಿ. ಇದನ್ನು ಚೀನೀಯರು ನೈಗುವಾನ್ ಎನ್ನುತ್ತಾರೆ, ವೈದ್ಯಕೀಯ ಬರಹಗಳಲ್ಲಿ ಪಿ6. ಆಪರೇಷನ್ ಆದ ಮೇಲೆ ಬರುವ ವಾಕರಿಕೆ, ವಾಂತಿಗೆ ಈ ಬಿಂದುವನ್ನು ಒತ್ತಿ, ಸೂಜಿ ಚುಚ್ಚಿ, ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿದ್ದಾರೆ. ಅವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ, ಸುಮ್ನೆ ತೋರಿಕೆಗೆ ಮಾಡಿದ ಚಿಕಿತ್ಸೆಗಿಂತ ಇದರಿಂದ ವಾಂತಿ ಕಡಿಮೆಯಾಗಿದೆ ಎಂದು ಹೇಳಿತು. ಬಂದಡ್ಕ, ಪಾಣತ್ತೂರಿನ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂರುವ ಮಕ್ಕಳಿಗೆ ನಾನು ಇದನ್ನೇ ಹೇಳಿಕೊಡುತ್ತೇನೆ. ಬೆರಳಿಟ್ಟು ಎಣಿಸುತ್ತಾ ಕೂತರೆ ಹೆದರಿಕೆಯಾದರೂ ಇಳಿಯುತ್ತದೆ, ಅಲ್ವಾ?

ಮುಖದ ವಿಷಯಕ್ಕೆ ಬರೋಣ. ಹಲ್ಲು ಕಚ್ಚಿ ಹಿಡಿದರೆ ದವಡೆಯ ಮೂಲೆಯಲ್ಲಿ ಒಂದು ಗಟ್ಟಿ ಸ್ನಾಯು ಉಬ್ಬುತ್ತದೆ. ಚಿಂತೆಯಲ್ಲಿದ್ದಾಗ ನಮಗೆ ಗೊತ್ತಿಲ್ಲದೆಯೇ ಅದನ್ನು ಬಿಗಿಹಿಡಿದಿರುತ್ತೇವೆ. ರಾತ್ರಿ ಮಲಗುವ ಮೊದಲು ಅಲ್ಲಿ, ಕಿವಿಯ ಮುಂದೆ, ಕಣತಲೆಯಲ್ಲಿ, ಹುಬ್ಬಿನ ಉದ್ದಕ್ಕೂ ನಿಧಾನಕ್ಕೆ ಒತ್ತಿ. ಉಸಿರು ತಾನಾಗಿ ಉದ್ದವಾಗುತ್ತದೆ. ಮುಟ್ಟುವಿಕೆ ನೋವಿನ ದಾರಿಯನ್ನು ತಡೆಯಬಲ್ಲದು ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ವಾದಿಸಿದ್ದರು. ಎಲ್ಲಾದರೂ ತಾಗಿಸಿಕೊಂಡ ತಕ್ಷಣ ನಾವು ಆ ಜಾಗ ತಿಕ್ಕಿಕೊಳ್ಳುವುದೂ ಇದಕ್ಕೇ.

ಕೆಲವು ಎಚ್ಚರಿಕೆ ಬೇಕು. ಗಾಯ, ಬಾವು, ಮೊಡವೆ ಇದ್ದಲ್ಲಿ ಒತ್ತಬಾರದು. ಬಸುರಿಯರು ಹೆಬ್ಬೆರಳು-ತೋರುಬೆರಳ ನಡುವಿನ ಬಿಂದುವನ್ನು ಬಿಡಬೇಕು ಎಂದು ಈ ಪದ್ಧತಿಯವರೇ ಹೇಳುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಜೋರಾಗಿ ಒತ್ತಿಸಿಕೊಳ್ಳಬಾರದು.

ಇಷ್ಟು ನೋಡಿಕೊಂಡರೆ ಇದು ಬಡವರ ಕೈಗೆಟಕುವ ಆರೈಕೆ. ಎಲ್ಲರ ಊಟ, ಔಷಧಿ ನೋಡಿ ಕೊನೆಗೆ ಉಳಿದ ಸಮಯದಲ್ಲಿ ಮಲಗುವ ಹೆಂಗಸು ತನ್ನ ಮೈಗೆ ದಿನಕ್ಕೆ ಹತ್ತು ನಿಮಿಷ ಕೊಡುತ್ತಾಳೆ. ನನ್ನ ಮಟ್ಟಿಗೆ ಆ ಹತ್ತು ನಿಮಿಷಕ್ಕೇ ಬೆಲೆ ಜಾಸ್ತಿ.

ವಿರೋಧ

ಕತ್ತು ಒತ್ತಿಸಿಕೊಂಡರೆ ಹಾಯೆನಿಸುತ್ತದೆ ಎಂಬುದಕ್ಕೆ ನನ್ನ ತಕರಾರಿಲ್ಲ. ಎಣ್ಣೆ ಹಚ್ಚಿ ತಿಕ್ಕುವುದನ್ನು ನಮ್ಮ ಅಜ್ಜಿಯಂದಿರೂ ಮಾಡುತ್ತಿದ್ದರು. ತಕರಾರು ಇರುವುದು ನಕ್ಷೆಯ ಬಗ್ಗೆ. ಈ ಚುಕ್ಕೆ ಲಿವರ್‌ಗೆ, ಆ ಚುಕ್ಕೆ ಕಿಡ್ನಿಗೆ ಎನ್ನುವ ಮಾತಿನ ಬಗ್ಗೆ.

ಈ ನಕ್ಷೆಗಳು ಅನಾದಿ ಕಾಲದವು ಎಂದು ನಂಬಿದವರು ಬಹಳ. ಮೈಯನ್ನು ಉದ್ದಕ್ಕೆ ಹತ್ತು ಪಟ್ಟಿಗಳಾಗಿ ಗೆರೆ ಹಾಕಿದವರು ಅಮೆರಿಕದ ಕಿವಿ-ಮೂಗಿನ ಡಾಕ್ಟರ್ ವಿಲಿಯಂ ಫಿಟ್ಜ್‌ಜೆರಾಲ್ಡ್. ಅವರ ಪುಸ್ತಕ ಬಂದದ್ದು 1917ರಲ್ಲಿ. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಂ ಅದನ್ನು ಪಾದಕ್ಕೆ ತಂದರು. ಮುಖದ ನಕ್ಷೆಗಳಲ್ಲಿ ಹೆಸರಾದದ್ದು ವಿಯೆಟ್ನಾಂನ ಬುಯಿ ಕ್ವೋಕ್ ಚೌ ಅವರದ್ದು. ಅದು ಶುರುವಾದದ್ದು 1980ರಲ್ಲಿ. ಕೆನ್ನೆಯಿಂದ ಹೊಟ್ಟೆಗೆ ಹೀಗೊಂದು ದಾರಿ ಇದೆ ಎಂದು ದೇಹ ಸೀಳಿ ನೋಡಿದ ಯಾರೂ ತೋರಿಸಿಲ್ಲ. ಆಸ್ಟ್ರೇಲಿಯಾ ಸರ್ಕಾರ ರಿಫ್ಲೆಕ್ಸಾಲಜಿಯೂ ಸೇರಿದಂತೆ ಹಲವು ಪದ್ಧತಿಗಳ ಸಾಕ್ಷ್ಯ ಪರಿಶೀಲಿಸಿತು. ಕೆಲಸ ಮಾಡುತ್ತದೆ ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. 2019ರ ಏಪ್ರಿಲ್‌ನಿಂದ ರಿಫ್ಲೆಕ್ಸಾಲಜಿಗೆ ಖಾಸಗಿ ವಿಮೆಯ ಹಣ ಸಿಗುವುದು ಅಲ್ಲಿ ನಿಂತಿತು. ಮಣಿಕಟ್ಟಿನ ಬಿಂದುವಿನ ಪರಾಮರ್ಶೆ ಸರಿಯೇ. ಅದು ಒಂದು ಬಿಂದುವಿನ, ಆಪರೇಷನ್ ನಂತರದ ವಾಂತಿಯ ಮಾತು. ಅದನ್ನು ಹಿಡಿದು ಮುಖದ ಚುಕ್ಕೆಗಳಿಗೆಲ್ಲ ಸರ್ಟಿಫಿಕೇಟ್ ಕೊಡಲಾಗದು.

ಆದರೂ ಸಾಕ್ಷ್ಯಕ್ಕಿಂತ ನನ್ನನ್ನು ಕಾಡುವುದು ಮಳೆಗಾಲ. ತೋಟದ ಕಣಿಯಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಇಡೀ ದಿನ ಕೆಸರಲ್ಲಿ ನಿಂತವರಿಗೆ ಸಂಜೆ ಮೀನಖಂಡ ನೋಯುತ್ತದೆ. ಮೈ ಬೆಚ್ಚಗಿರುತ್ತದೆ. ಕೆಲಸ ಜಾಸ್ತಿಯಾಯಿತು ಎಂದು ಮನೆಯವರು ಕಾಲು ಒತ್ತುತ್ತಾರೆ. ಇಲಿಜ್ವರ ಬರುವುದೂ ಹೀಗೆಯೇ. ಜ್ವರ, ಮೀನಖಂಡದಲ್ಲಿ ಮುಟ್ಟಿದರೆ ಕಿರುಚುವಷ್ಟು ನೋವು, ಸೊಂಟ ನೋವು, ಕಣ್ಣು ಕೆಂಪು. ಇಲಿ, ದನ, ನಾಯಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೆ ಸಾಕು. ಶುರುವಿನಲ್ಲೇ ಆಂಟಿಬಯೋಟಿಕ್ ಸಿಕ್ಕರೆ ಸಾಮಾನ್ಯವಾಗಿ ಗುಣವಾಗುತ್ತದೆ. ಬಿಟ್ಟರೆ ಕಿಡ್ನಿ, ಲಿವರ್, ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಲಿನ ಬಿಂದು ಹುಡುಕುತ್ತಾ ಎರಡು ದಿನ ಕಳೆದರೆ ಆ ಎರಡು ದಿನವನ್ನು ಯಾರು ತಂದುಕೊಡುತ್ತಾರೆ?

ಇನ್ನು ಬಾಯಿ ಒಂದು ಕಡೆ ವಾಲಿದಾಗ. ಮುಖದ ತೊಂದರೆಗೆ ಮುಖ ಒತ್ತಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಪಾರ್ಶ್ವವಾಯುವಾಗಿದ್ದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಸಾಮಾನ್ಯವಾಗಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟಾಗಬೇಕು, ಇಂಜೆಕ್ಷನ್‌ಗೂ ಮೊದಲು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗಬೇಕು. ಮುಖದ ನರ ಮಾತ್ರ ಸೋತ ಬೆಲ್ಸ್ ಪಾಲ್ಸಿ ಆಗಿದ್ದರೂ 72 ಗಂಟೆಯೊಳಗೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಯಾವುದು ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಕಾಸರಗೋಡು ಪೇಟೆಯಿಂದಲೇ ಮಂಗಳೂರು ಸುಮಾರು 50 ಕಿಲೋಮೀಟರ್. ಒಳಗಿನ ಊರುಗಳಿಂದ ಇನ್ನೂ ಜಾಸ್ತಿ. 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕದ ಗಡಿ ಮುಚ್ಚಿ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಮುಂದೆ ಹೋಗಲಾಗದೆ ನಿಂತದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ದಾರಿಯೇ ಇಷ್ಟು ಸಮಯ ತಿನ್ನುವ ಜಿಲ್ಲೆಯಲ್ಲಿ ಮನೆಯೊಳಗೂ ಸಮಯ ಕಳೆಯಬಾರದು.

ಸಕ್ಕರೆ ಕಾಯಿಲೆಯವರ ಪಾದವೂ ಹಾಗೆಯೇ. ಸ್ಪರ್ಶ ಸತ್ತ ಪಾದಕ್ಕೆ ಜಾತ್ರೆಯಲ್ಲಿ ಕೊಂಡ ಮುಳ್ಳುಮುಳ್ಳಿನ ರೋಲರ್ ಉಜ್ಜಿದರೆ ಗಾಯವಾದದ್ದೂ ತಿಳಿಯುವುದಿಲ್ಲ.

ಬೀಡಿ ಕಟ್ಟುವವರ ಕತ್ತಿನ ಬಗ್ಗೆಯೂ ಒಂದು ಮಾತು. ಆ ನೋವಿನ ಬೇರು ಕೂರುವ ರೀತಿಯಲ್ಲಿದೆ. ಬೆನ್ನಿಗೆ ಆಸರೆ ಬೇಕು, ತಡ್ಪೆಯನ್ನು ಸ್ವಲ್ಪ ಎತ್ತರಕ್ಕೆ ಇಡಬೇಕು, ನಡುನಡುವೆ ಎದ್ದು ನಡೆಯಬೇಕು. ರಾತ್ರಿ ಒತ್ತಿಕೊಂಡು ಬೆಳಿಗ್ಗೆ ಮತ್ತೆ ಹಾಗೇ ಕೂತರೆ ಏನು ಬಂತು?

ವಿಡಿಯೋ ನೋಡುವ ನಮ್ಮ ಹಿರಿಯರನ್ನು ನಾನು ದೂರುವುದಿಲ್ಲ. ಅವರಲ್ಲಿ ಬಹಳ ಜನ ಕನ್ನಡ ಶಾಲೆಯಲ್ಲಿ ಓದಿದವರು, ಮಲಯಾಳ ಓದಲು ಬಾರದವರು. ಜ್ವರದ ಬಗ್ಗೆ ಗೋಡೆಗೆ ಅಂಟಿಸುವ ಸೂಚನೆ ಮಲಯಾಳದಲ್ಲಿ ಮಾತ್ರ ಇದ್ದರೆ ಅವರಿಗೆ ತಲುಪುವುದು ಕನ್ನಡದ ವಿಡಿಯೋವೇ. ಇಲಿಜ್ವರದ, ಪಾರ್ಶ್ವವಾಯುವಿನ ಲಕ್ಷಣಗಳನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿ ಪ್ರತಿ ಹಾಲು ಸೊಸೈಟಿಗೆ, ರೇಷನ್ ಅಂಗಡಿಗೆ ಅಂಟಿಸಲಿ. ಈ ಮಳೆಗಾಲಕ್ಕೆ ಮೊದಲೇ ಆಗಲಿ.