ಥೇರಾದ ಬಂಡೆಬರಹಗಳು: ಅಳಿದ ಅಕ್ಷರಗಳನ್ನು ತುಂಬಬೇಕೆ?

ಪರ

ತುಂಬದೆ ಬಿಟ್ಟ ಶಾಸನ ಬರಿಯ ಗೀರುಗಳ ಪಟ್ಟಿಯಾಗುತ್ತದೆ. ಏಜಿಯನ್ ಸಮುದ್ರದ ಗ್ರೀಕ್ ದ್ವೀಪ ಥೇರಾದ (ಇಂದಿನ ಸ್ಯಾಂಟೊರಿನಿ) ಬೆಟ್ಟದ ಮೇಲೆ, ಪೆರ್ಗೆ ಎಂಬ ಊರಿನ ಆರ್ಟೆಮಿಡೋರೋಸ್ ಕ್ರಿ.ಪೂ. 3ನೆಯ ಶತಮಾನದಲ್ಲಿ ಬಂಡೆಯಲ್ಲೇ ಕಡೆಸಿದ ಪವಿತ್ರಸ್ಥಳವನ್ನು ನೋಡಿ. ಸಾಮರಸ್ಯದ ದೇವತೆ ಹೊಮೊನೋಯಾಳ ಬಲಿಪೀಠ, ಜ್ಯೂಸನ ಹದ್ದು, ಅಪೊಲೊನ ಸಿಂಹ, ಪೊಸೈಡಾನನ ಡಾಲ್ಫಿನ್, ಇವುಗಳ ಜೊತೆಗೆ ಪದ್ಯಗಳೂ ಅಲ್ಲಿವೆ. ಪದ್ಯಕ್ಕೆ ಗುರು-ಲಘುಗಳ ಕಟ್ಟು ಇರುವುದರಿಂದ ಸವೆದ ಜಾಗದಲ್ಲಿ ಯಾವ ಅಳತೆಯ ಪದ ಕೂರಬಹುದೆಂದು ಹೇಳಲು ಸಾಧ್ಯ. ಊಹಿಸಿದ ಅಕ್ಷರವನ್ನು ಚೌಕ ಆವರಣದಲ್ಲಿಡುವ ಕ್ರಮವನ್ನು ವಿದ್ವಾಂಸರು 1931ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಒಪ್ಪಿಕೊಂಡಿರುವಾಗ ಓದುಗನಿಗೆ ಮೋಸವೇನೂ ಆಗುವುದಿಲ್ಲ. ಛಂದಸ್ಸು ಹಿಡಿದು ತುಂಬುವ ಈ ನಿಯಮ ಎಲ್ಲ ಬಂಡೆಗಳಿಗೂ ಸಲ್ಲುತ್ತದೆಂದು ನಾನು ಹೇಳಲಾರೆ. ಆದರೂ ಏನನ್ನೂ ತುಂಬಬಾರದೆನ್ನುವವರು ಓದುವ ಹೊಣೆಯಿಂದಲೇ ನುಣುಚಿಕೊಳ್ಳುತ್ತಾರೆ.

ವಿರೋಧ

ಆರ್ಟೆಮಿಡೋರೋಸನ ಪದ್ಯಗಳನ್ನು ಮುಂದಿಟ್ಟು ಗೆಲ್ಲುವುದು ಸುಲಭ. ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಕಾರ್ನೆಯೋಸ್ ಎಂಬ ಹೆಸರಿನಲ್ಲಿ ಪೂಜೆಗೊಂಡ ಅಪೊಲೊನ ಗುಡಿಯ ಬಳಿ, ಅದಕ್ಕಿಂತ ನೂರಾರು ವರ್ಷ ಹಳೆಯ ಬರಹಗಳಿವೆ. ಅವುಗಳಲ್ಲಿ ಪದಗಳ ನಡುವೆ ತೆರಪಿಲ್ಲ, ಕೆಲವು ಸಾಲುಗಳು ಬಲದಿಂದ ಎಡಕ್ಕೆ ಓಡುತ್ತವೆ, ಬಹುಪಾಲು ಬರಹಗಳಿಗೆ ಛಂದಸ್ಸೂ ಇಲ್ಲ. ಒಂದು ಕಡೆ ಜ್ಯೂಸ್, ಖೈರೋನ್ ಎಂಬ ದೈವನಾಮಗಳಿದ್ದರೆ, ಸ್ವಲ್ಪವೇ ದೂರದಲ್ಲಿ ಹುಡುಗರ ಹೊಗಳಿಕೆಯೂ ಕಾಮದ ಬಡಾಯಿಯೂ ಇವೆ. ಅರ್ಧ ಮುರಿದ ಹೆಸರು ಸಿಕ್ಕಾಗ ಅದು ಪೂಜೆಗೊಂಡ ದೇವರದೋ, ಅಲ್ಲಿ ನಿಂತು ಹೋದ ಮನುಷ್ಯನದೋ ಎಂದು ಯಾವ ಗುರು-ಲಘು ಹೇಳೀತು?

ನಾನು ಆ ಬೆಟ್ಟ ಹತ್ತಿದ್ದೆ. ನಡುಹಗಲಿನ ಬಿಸಿಲಿನಲ್ಲಿ ಬಂಡೆ ಬೋಳಾಗಿ ಕಂಡಿತ್ತು. ಹೊತ್ತು ಇಳಿದು ಬೆಳಕು ಓರೆಯಾದಾಗ ಅಕ್ಷರಗಳು ಒಂದೊಂದಾಗಿ ಎದ್ದವು, ಅವುಗಳೊಂದಿಗೆ ಸುಣ್ಣಕಲ್ಲಿನ ಬಿರುಕುಗಳೂ ಎದ್ದವು. ಒಂದು ಹೆಸರಿನ ಕೊನೆಯ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರೆ ಅದು ಅಕ್ಷರದ ಎಲ್ಲೆ ದಾಟಿ ಬಂಡೆಯ ಅಂಚಿನವರೆಗೂ ಹೋಗುತ್ತಿತ್ತು. ಉಳಿಯ ಗಾಯಕ್ಕೂ ಕಾಲದ ಗಾಯಕ್ಕೂ ಇರುವ ಈ ಅಂತರ ಕಾಣಬೇಕಾದರೆ ಕಲ್ಲಿನ ಮುಂದೆಯೇ ನಿಲ್ಲಬೇಕು. ಮೇಜಿನ ಮುಂದೆ ಕೂತು ತುಂಬುವವನಿಗೆ ಅದು ಎಂದಿಗೂ ಕಾಣುವುದಿಲ್ಲ.

ಆವರಣಚಿಹ್ನೆ ಕಾಪಾಡುತ್ತದೆಂಬುದು ಸುಳ್ಳು ಭರವಸೆ. ಊಹೆಯ ಹೆಸರು ಗ್ರಂಥದ ಕೊನೆಯ ಹೆಸರುಗಳ ಸೂಚಿಗೆ ಹೋಗುವಾಗ ಆವರಣ ಕಳಚುತ್ತದೆ, ಇತಿಹಾಸ ಗ್ರಂಥದಲ್ಲಿ ಅದೇ ಒಂದು ಆರಾಧನಾ ಪಂಥವಾಗುತ್ತದೆ, ಆಮೇಲೆ ಮತ್ತೊಂದು ಒಡಕು ಕಲ್ಲನ್ನು ತುಂಬಲು ಅದೇ ಪಂಥ ಸಾಕ್ಷಿಯಾಗಿ ನಿಲ್ಲುತ್ತದೆ. ಜರ್ಮನ್ ವಿದ್ವಾಂಸ ಹಿಲ್ಲರ್ ಫಾನ್ ಗೇರ್ಟ್ರಿಂಗನ್ 1896ರಿಂದ ಇಲ್ಲಿ ಅಗೆಸಿ, 1898ರಲ್ಲಿ ಈ ಶಾಸನಗಳನ್ನು ಸಂಪುಟವಾಗಿ ಹೊರತಂದದ್ದು ದೊಡ್ಡ ಕೆಲಸ. ಆ ಸಂಪುಟವನ್ನು ಗೌರವಿಸುವ ದಾರಿ ಅದರಲ್ಲಿ ಉಳಿದಿರುವ ತೆರವುಗಳನ್ನು ಮುಚ್ಚುವುದಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ತೆಗೆದ ಪಡಿಯಚ್ಚಿನ ಚಿತ್ರ, ಉಳಿದ ಅಕ್ಷರಗಳು, ಒಡಕಿನ ಅಳತೆ ಇಷ್ಟೇ ಮೂಲಪಾಠದಲ್ಲಿರಲಿ. ಊಹೆಗಳೆಲ್ಲ, ಎಷ್ಟೇ ಚೆಲುವಾಗಿದ್ದರೂ, ಅಡಿಟಿಪ್ಪಣಿಗೆ ಹೋಗಲಿ.