ಒಂದು ಮುಖ, ಮೂವರು ಗಿರಾಕಿಗಳು

“ಸೀನಿಯರ್ ಫೋಟೊ ತೆಗೆಸಬೇಕಮ್ಮ” ಎಂದು ನ್ಯೂಜೆರ್ಸಿಯಿಂದ ಮಗಳು ಫೋನಿನಲ್ಲಿ ಹೇಳಿದರೆ, ದಾವಣಗೆರೆಯಲ್ಲಿರುವ ತಾಯಿ ಅದು ತಮ್ಮದೇ ಫೋಟೊ ಎಂದುಕೊಳ್ಳುತ್ತಾರೆ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲೇ ನಿಂತುಹೋಯಿತಲ್ಲ, ಇನ್ನು ಫೋಟೊ ಯಾತಕ್ಕೆ ಎನ್ನುವುದು ಅವರ ನ್ಯಾಯವಾದ ಪ್ರಶ್ನೆ. ಅಮೆರಿಕದ ಹೈಸ್ಕೂಲಿನಲ್ಲಿ ಸೀನಿಯರ್ ಎಂದರೆ ಹನ್ನೆರಡನೇ ಕ್ಲಾಸಿನ ಮಗು, ಅಂದರೆ ಮೊಮ್ಮಗಳು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ದಾರ ಕಟ್ಟಿದ ಹಲ್ಲುಮುರುಕ ಬಾಚಣಿಗೆಯಲ್ಲಿ ತಲೆ ಬಾಚಿ, ಎರಡೂ ಕಿವಿ ಕಾಣುವಂತೆ ಮುಖ ಕೊಟ್ಟು ಐದು ನಿಮಿಷದಲ್ಲಿ ಎದ್ದು ಬಂದ ತಲೆಮಾರಿಗೆ, ಒಂದು ಫೋಟೊಗೆ ಐದು ತಿಂಗಳ ಸಿದ್ಧತೆ ಬೇಕೆಂದರೆ ನಂಬುವುದು ಕಷ್ಟ.

ಈ ಫೋಟೊ ಕೆಡುವುದು ಕ್ಯಾಮೆರಾದಿಂದಲ್ಲ. ಒಂದು ಮುಖಕ್ಕೆ ಮೂವರು ಗಿರಾಕಿಗಳಿರುವುದರಿಂದ. ಶಾಲೆಗೆ ಇಯರ್‌ಬುಕ್ಕಿನ, ಅಂದರೆ ಮಕ್ಕಳೆಲ್ಲರ ಮುಖವಿರುವ ಶಾಲೆಯ ವಾರ್ಷಿಕ ಪುಸ್ತಕದ, ಫೋಟೊ ಬೇಕು. ಮಗುವಿಗೆ ಇನ್‌ಸ್ಟಾಗ್ರಾಮಿಗೆ ಹಾಕಲು, ಫೋಟೊಗೆಂದು ನಿಂತಂತೆ ಕಾಣದ ನಾಲ್ಕು ಫೋಟೊ ಬೇಕು. ಅಜ್ಜಿಗೆ ಸೀರೆಯುಟ್ಟು ಹೂ ಮುಡಿದು ನೆಟ್ಟಗೆ ನಿಂತ ಒಂದು ಬೇಕು. ಅಪ್ಪನನ್ನು ಗಿರಾಕಿ ಎನ್ನುವಂತಿಲ್ಲ, ಆತ ದುಡ್ಡು ಕೊಡುವವನು ಅಷ್ಟೆ. ಮೂರನ್ನೂ ಒಂದೇ ಸಂಜೆ, ಒಂದೇ ಕಡೆ ಮುಗಿಸಿಬಿಡೋಣ ಎಂದು ಹೊರಟಲ್ಲಿಗೆ ಅನಾಹುತಕ್ಕೆ ಗುದ್ದಲಿ ಪೂಜೆ ಆದಂತೆ.

ಶಾಲೆಯದನ್ನು ಮೊದಲು ಕಳಚಿಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ ಶಾಲೆಯೇ ಒಂದು ಸ್ಟುಡಿಯೋ ಗೊತ್ತುಮಾಡಿರುತ್ತದೆ. ಬೇಸಿಗೆ ರಜೆಯಲ್ಲಿ ದಿನ, ಗಂಟೆ ಬರೆದ ಕಾರ್ಡೊಂದು ಅಂಚೆಯಲ್ಲಿ ಬರುತ್ತದೆ; ಪಿಜ್ಜಾ ಕೂಪನ್ನುಗಳ ಜೊತೆಗೆ ಬರುವುದರಿಂದ ಅವುಗಳ ಜೊತೆಗೇ ಕಸಕ್ಕೂ ಹೋಗುತ್ತದೆ. ಆ ದಿನ ತಪ್ಪಿದವರಿಗೆ ಮತ್ತೊಂದು ದಿನ ಇಡುತ್ತಾರೆ. ಅದೂ ತಪ್ಪಿದರೆ, ಫೋಟೊ ಇಲ್ಲದವರ ಪಟ್ಟಿಯಲ್ಲಿ ಬರಿಯ ಹೆಸರು. ಅಲ್ಲಿ ಹುಡುಗಿಯರಿಗೆ ಡ್ರೇಪ್ ಎಂಬ ಕಪ್ಪು ಬಟ್ಟೆಯನ್ನು ಹೆಗಲಿಗೆ ಸುತ್ತಿ ಬೆನ್ನ ಹಿಂದೆ ಕ್ಲಿಪ್ ಹಾಕುತ್ತಾರೆ. ಹುಡುಗರಿಗೆ ಕೋಟು, ಅಂಗಿ, ಬೋ ಟೈ ಎಲ್ಲ ಒಟ್ಟಿಗೆ ಹೊಲಿದ ಟಕ್ಸಿಡೊ. ಸಿನಿಮಾ ಸೆಟ್ಟಿನ ಅರಮನೆಯಂತೆ ಮುಂಭಾಗ ಮಾತ್ರ. ಒಳಗೆ ದಪ್ಪ ಕಾಲರಿನ ಅಂಗಿ ಹಾಕಿಕೊಂಡು ಹೋದರೆ ಅದು ಇಣುಕುತ್ತದೆ. ಹುಡುಗಿಯರಿಗೆ ಸಣ್ಣ ಪಟ್ಟಿಯ ಬನಿಯನ್ನು, ಒಂದೆಳೆ ಸರ ಸಾಕು. ಅಜ್ಜಿಯ ಅವಲಕ್ಕಿ ಸರವನ್ನು ಲಾಕರಿನಲ್ಲೇ ಬಿಡಿ. ಹೊರಗೆ ತೆಗೆಸಿದ ಫೋಟೊವನ್ನೇ ಇಯರ್‌ಬುಕ್ಕಿಗೂ ಕೊಡುತ್ತೇವೆ ಎನ್ನುವವರು ಶಾಲೆಯನ್ನು ಮೊದಲೇ ಕೇಳಬೇಕು. ಕೆಲವು ಶಾಲೆಗಳು ಒಪ್ಪುತ್ತವೆ, ಹಲವು ಒಪ್ಪುವುದಿಲ್ಲ.

ಉಳಿದಿಬ್ಬರಿಗೆ ಪಾರ್ಕಿನಲ್ಲಿ ಪ್ರತ್ಯೇಕ ಸೆಷನ್. ಇದರ ಮುಹೂರ್ತ ಮದುವೆಯದಕ್ಕಿಂತ ತೊಡಕು. ಆಗಸ್ಟ್ 1ಕ್ಕೆ ಕಾಲೇಜು ಅರ್ಜಿಯ ಕಾಮನ್ ಆ್ಯಪ್ ತೆರೆಯುತ್ತದೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ವಾರಾಂತ್ಯಕ್ಕೆ ಅಮೆರಿಕದ ಕನ್ನಡಿಗರ ಅಕ್ಕ ಸಮ್ಮೇಳನವೋ ನಾವಿಕ ಸಮ್ಮೇಳನವೋ ಬಂದು ಕೂರುತ್ತದೆ, ಹಿಂದುಮುಂದಾಗಿ ಗಣೇಶ ಬರುತ್ತಾನೆ. ಅಕ್ಟೋಬರಿನಲ್ಲಿ ಎಲೆಗಳು ಕೆಂಪಾಗಿ ಪಾರ್ಕು ಜರತಾರಿ ಸೀರೆಯಂತೆ ಕಾಣುವುದು ನಿಜ. ಆದರೆ ಬಹಳಷ್ಟು ಕಾಲೇಜುಗಳ ಅರ್ಲಿ, ಅಂದರೆ ಮಾಮೂಲಿಗಿಂತ ಮುಂಚೆ ಹಾಕುವ, ಅರ್ಜಿಗೆ ನವೆಂಬರ್ 1 ಕೊನೆಯ ದಿನವಾದ್ದರಿಂದ, ಆ ಹೊತ್ತಿಗೆ ಮಗುವಿನ ಕಣ್ಣ ಕೆಳಗೂ ಎಲೆಗಳಷ್ಟೇ ಬಣ್ಣ ತುಂಬಿರುತ್ತದೆ. ಅರ್ಜಿ ಮುಗಿಸಿ ನಿರಾಳವಾಗಿ ತೆಗೆಸೋಣ ಎಂದರೆ ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಗು ಶಾಲೆಯಿಂದ ಬಂದು ತಿಂಡಿ ತಿಂದು ಮುಖ ತೊಳೆಯುವಷ್ಟರಲ್ಲಿ, ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರವೇ ವಾಸಿ. ಸೆಖೆಯಿರುತ್ತದೆ, ಆದರೆ ಮುಖದಲ್ಲಿ ಇನ್ನೂ ಕಳೆ ಇರುತ್ತದೆ.

ಇನ್ನು ಸೀರೆ. ಹೆಚ್ಚಿನ ಸೆಷನ್ನುಗಳು ಮುಳುಗುವುದು ಇಲ್ಲೇ.

ಬ್ಲೌಸನ್ನು ಬೆಂಗಳೂರಿನ ಚಿಕ್ಕಮ್ಮ ಹೊಲಿಸಿ ಕಳಿಸಿರುತ್ತಾರೆ, ವಾಟ್ಸಾಪಿನಲ್ಲಿ ಕಳಿಸಿದ ಅಳತೆಗೆ. ಅಳತೆ ತೆಗೆದಾಗ ಮಗು ಇನ್ನೂ ಈಜು ತಂಡ ಸೇರಿರಲಿಲ್ಲ. ಈಗ ಭುಜ ಅಗಲವಾಗಿದೆ, ಕೈ ಮೇಲೆತ್ತಿದರೆ ಹೊಲಿಗೆ ಚರ್ ಎನ್ನುತ್ತದೆ. ಎರಡು ವಾರ ಮುಂಚೆಯೇ ತೊಡಿಸಿ ನೋಡಿದರೆ ಒಳಗೆ ಬಿಟ್ಟಿರುವ ಬಟ್ಟೆಯನ್ನು ಬಿಚ್ಚಿಸಿಕೊಳ್ಳಬಹುದು. ಅದೇ ದಿನ ನೋಡಿದರೆ ಸೇಫ್ಟಿ ಪಿನ್ನೇ ಗತಿ. ಪಿನ್ನು ಒಂದು ಡಜನ್ನಾದರೂ ಇರಲಿ. ಎರಡು ಹೆಗಲಿಗೆ, ಒಂದು ನೆರಿಗೆಗೆ, ಒಂದು ಸೊಂಟದ ಬಳಿಗೆ. ಉಳಿದವು ಹುಲ್ಲಿನಲ್ಲಿ ಕಳೆಯಲು. ಫೋಟೊದಲ್ಲಿ ಹಾಕುವ ಚಪ್ಪಲಿಯನ್ನೇ ಮೆಟ್ಟಿಸಿ ಸೀರೆ ಉಡಿಸಬೇಕು. ಬರಿಗಾಲಲ್ಲಿ ಉಡಿಸಿ ಆಮೇಲೆ ಹೀಲ್ಸ್ ಹಾಕಿದರೆ ಸೀರೆ ಎರಡಿಂಚು ಮೇಲೇರಿ, ಗದ್ದೆಗೆ ನಾಟಿ ಮಾಡಲು ಹೊರಟಂತೆ ಕಾಣುತ್ತದೆ.

ಸೀರೆಯನ್ನು ಮನೆಯಲ್ಲೇ ಉಡಿಸಿಕೊಂಡು ಹೋಗಿ. ಸಂಜೆಯ ಹೊಂಬಿಸಿಲಿಗೆ ಜರಿ ಚೆನ್ನಾಗಿ ಮಿನುಗುತ್ತದೆ, ಆದ್ದರಿಂದ ಕೊನೆಗೆ ಉಡಿಸೋಣ ಎಂಬ ಲೆಕ್ಕಾಚಾರ ಕಾಗದದ ಮೇಲೆ ಸರಿ. ಆದರೆ ಆ ಬೆಳಕು ಸಿಗುವುದೇ ಒಂದು ಗಂಟೆ. ಪಾರ್ಕಿನ ಶೌಚಾಲಯದಲ್ಲಿ ಒದ್ದೆ ನೆಲಕ್ಕೆ ತಾಗದಂತೆ ಐದೂವರೆ ಮೀಟರ್ ಬಟ್ಟೆಯನ್ನು ನೆರಿಗೆ ಹಿಡಿಯಲು ಅರ್ಧ ಗಂಟೆ ಬೇಕು. ಜೀನ್ಸಿಗೆ ಐದು ನಿಮಿಷ ಸಾಕು. ಆದ್ದರಿಂದ ಸೀರೆ ಮೊದಲು, ಮರದ ನೆರಳಿನಲ್ಲಿ. ಜೀನ್ಸ್ ಕೊನೆಗೆ, ಹೊಂಬಿಸಿಲಿನಲ್ಲಿ. ಕಾರಿನಲ್ಲಿ ಸೆರಗನ್ನು ಸೀಟ್ ಬೆಲ್ಟಿನ ಹೊರಗೆ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎದೆಯ ಮೇಲೆ ಅಡ್ಡ ಇಸ್ತ್ರಿಯ ಗೆರೆ ಬೀಳುತ್ತದೆ. ಜಡೆ ಹೆಣೆದು ಹೂ ಮುಡಿಸಿದರೆ ಬಿಚ್ಚಿದ ಮೇಲೆ ಕೂದಲು ಶ್ಯಾವಿಗೆಯಂತೆ ಸುರುಳಿಯಾಗಿರುತ್ತದೆ. ಅರ್ಧ ಕೂದಲು ಹಿಂದಕ್ಕೆ ಕಟ್ಟಿ ಅದಕ್ಕೇ ಮಲ್ಲಿಗೆ ಸಿಕ್ಕಿಸುವುದು ಇಬ್ಬರಿಗೂ ಒಪ್ಪುವ ರಾಜಿ. ಹುಡುಗರ ಪಂಚೆಗೆ ಇಷ್ಟೆಲ್ಲ ಇಲ್ಲ: ಗಟ್ಟಿ ಬೆಲ್ಟು, ಒಳಗೊಂದು ಚಡ್ಡಿ. ಗಾಳಿಯನ್ನು ನಂಬಬೇಡಿ.

ಬಿಸಿಲಿನ ವಿಷಯದಲ್ಲಿ ಅಪ್ಪಂದಿರದು ಹಳೆಯ ಪಾಠ: ಸೂರ್ಯನಿಗೆ ಮುಖ ಮಾಡಿ ನಿಲ್ಲಿ. ಹಾಗೆ ನಿಂತ ಮಕ್ಕಳೆಲ್ಲ ಕಣ್ಣು ಕಿರಿದು ಮಾಡಿ ಸಾಲ ವಸೂಲಿಗೆ ಬಂದವರಂತೆ ಕಾಣುತ್ತಾರೆ. ನಡುಮಧ್ಯಾಹ್ನವಾದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೇರೆ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಂದಿನಿಂದ ಬಿಳಿಯದೊಂದನ್ನು ಹಿಡಿದು ಬೆಳಕನ್ನು ಮುಖಕ್ಕೆ ತಿರುಗಿಸಬೇಕು. ರಿಫ್ಲೆಕ್ಟರ್ ಇಲ್ಲದಿದ್ದರೆ ದೊಡ್ಡ ಬಿಳಿ ಥರ್ಮಾಕೋಲ್ ಹಲಗೆ ಆದೀತು. ದಟ್ಟ ಹುಲ್ಲಿನ ಮೇಲೆ ಕೂರಿಸಿದರೆ ಗಲ್ಲದ ಕೆಳಗೆ ಹಸಿರು ಬಣ್ಣ ಏರುತ್ತದೆ; ಗಿಳಿಹಸಿರು ಅಂಗಿಯೂ ಇದೇ ಕೆಲಸ ಮಾಡುತ್ತದೆ. ಸಣ್ಣ ಚೌಕಳಿ, ಸಣ್ಣ ಪಟ್ಟೆಯ ಅಂಗಿ ಪರದೆಯ ಮೇಲೆ ಅಲೆಯಲೆಯಾಗಿ ಕುಣಿಯುತ್ತದೆ.

ಹಲಗೆ ಹಿಡಿಯುವ ಕೆಲಸ ಅಪ್ಪನಿಗೇ ಕೊಡಿ. ಕೈ ಬಿಡುವಾದರೆ ಆತ ಫೋಟೊಗ್ರಾಫರನ ಹೆಗಲ ಹಿಂದೆ ನಿಂತು ಫೋನಿನಲ್ಲಿ ತಾನೂ ತೆಗೆಯತೊಡಗುತ್ತಾನೆ. ಮಗು ಯಾವ ಕಡೆ ನೋಡಬೇಕು ಎಂದು ತಿಳಿಯದೆ ಎರಡರ ನಡುವಿನ ಗಾಳಿಯನ್ನು ನೋಡುತ್ತದೆ. ಅದೂ ಎರಡಡಿ ದೂರದಿಂದ ತೆಗೆದರೆ ಮೂಗು ಮುಂದೆ, ಕಿವಿ ಹಿಂದೆ. ಆರೆಂಟು ಅಡಿ ಹಿಂದೆ ಸರಿದು ಜೂಮ್ ಮಾಡಿದರೆ ಅದೇ ಮೂಗು ಅದರ ಜಾಗಕ್ಕೆ ಮರಳುತ್ತದೆ. ಅಮ್ಮ ಈ ಹೊತ್ತಿಗೆ ಅಜ್ಜಿಗೆ ವಿಡಿಯೊ ಕರೆ ಹಚ್ಚಿರುತ್ತಾಳೆ. ಇಲ್ಲಿ ಸಂಜೆ ಏಳೂವರೆಯಾದರೆ ಅಲ್ಲಿ ಬೆಳಗಿನ ಜಾವ ಐದು, ಅಂಗಳಕ್ಕೆ ನೀರು ಹಾಕುವ ಹೊತ್ತು. “ಯಾಕೆ ಅತ್ತ ನೋಡ್ತಾಳೆ? ಇತ್ತ ನೋಡು ಪುಟ್ಟಿ” ಎಂದು ಅಜ್ಜಿಯ ನಿರ್ದೇಶನ ಫೋನಿನಿಂದಲೇ ಶುರು.

ಕನ್ನಡಕದವರು ಒಂದು ಮಾತು ನೆನಪಿಡಿ. ಬಿಸಿಲಿಗೆ ಕಪ್ಪಾಗುವ ಫೋಟೊಕ್ರೋಮಿಕ್ ಗಾಜಾದರೆ ಪ್ರತಿ ಫೋಟೊದಲ್ಲೂ ಮಗು ಪತ್ತೇದಾರನಂತೆ ಕಾಣುತ್ತದೆ. ಹಳೆಯ ಜೋಡಿಯನ್ನು ತನ್ನಿ. ಗಾಜಿಲ್ಲದ ಬರಿ ಫ್ರೇಮು ಸಿಕ್ಕರೆ ಇನ್ನೂ ಉತ್ತಮ. ಹೊಳಪು ಬಂದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜು ಕೆಳಮುಖವಾಗಿ ಹೊಳಪು ಜಾರುತ್ತದೆ. ಕಟಿಂಗ್ ಒಂದೆರಡು ವಾರ ಮುಂಚೆ ಆಗಿರಲಿ. ಹಿಂದಿನ ದಿನ ಮಾಡಿಸಿದರೆ ಕಿವಿಯ ಸುತ್ತ ಬಿಳಿ ಅಂಚು.

ಜಾಗದ ಬಗ್ಗೆ ಚುಟುಕಾಗಿ: ಸಸ್ಯೋದ್ಯಾನ, ಕೌಂಟಿ ಪಾರ್ಕುಗಳಲ್ಲಿ ಪರವಾನಗಿ, ಶುಲ್ಕ ಇರಬಹುದು, ಮೊದಲೇ ಕೇಳಿ. ಎತ್ತರದ ಹುಲ್ಲಿನೊಳಗೆ ಇಳಿಯಬೇಡಿ. ನ್ಯೂಜೆರ್ಸಿಯ ಉಣ್ಣೆ ಹುಳುಗಳು (ಟಿಕ್) ಲೈಮ್ ಕಾಯಿಲೆ ಹರಡುತ್ತವೆ, ಮನೆಗೆ ಬಂದು ಕಾಲು ನೋಡಿಕೊಳ್ಳಿ. ರೈಲು ಹಳಿಯಂತೂ ಬೇಡವೇ ಬೇಡ. ಅದು ಅಕ್ರಮ ಪ್ರವೇಶ, ಮೇಲಾಗಿ ಗಂಟೆಗೆ 55 ಮೈಲಿ ವೇಗದ ಗೂಡ್ಸ್ ರೈಲು ನಿಲ್ಲಲು ಒಂದು ಮೈಲಿಗೂ ಹೆಚ್ಚು ದೂರ ಬೇಕು. ನಗೆಬರಹದಲ್ಲೂ ಇದು ನಗುವ ಮಾತಲ್ಲ.

ಫೋಟೊ ಬಂದ ಮೇಲೆ ರೀಟಚ್ಚಿಂಗ್. ಮೊಡವೆ ತೆಗೆಯುತ್ತಾರೆ, ಹುಟ್ಟುಮಚ್ಚೆ ಉಳಿಸುತ್ತಾರೆ, ಇದು ವಾಡಿಕೆ. ಆದರೆ ಅಮ್ಮ ಕೆನ್ನೆಯ ಪಕ್ಕ ಇಟ್ಟ ದೃಷ್ಟಿಬೊಟ್ಟು ಯಾವ ಗುಂಪಿಗೆ ಸೇರುತ್ತದೆಂದು ಅಮೆರಿಕದ ರೀಟಚ್ಚರಿಗೆ ಹೇಗೆ ಗೊತ್ತಾಗಬೇಕು? ಮೊಡವೆಯ ಜೊತೆ ಅದನ್ನೂ ಅಳಿಸುತ್ತಾನೆ, ಕೆಲವೊಮ್ಮೆ ಹಣೆಯ ಸಣ್ಣ ಬೊಟ್ಟನ್ನೂ. ಏನು ಉಳಿಯಬೇಕೆಂದು ಬರೆದೇ ಕೊಡಿ.

ಕೊನೆಯ ಎಡವಟ್ಟು ಅಳತೆಯದು. ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 2:3, ಅಂದರೆ ಕತ್ತರಿಸದೆ ಬರುವುದು 8×12 ಇಂಚು. ಅಮೆರಿಕದ ಪ್ಯಾಕೇಜಿನಲ್ಲಿ ಬರುವುದು 8×10. ಆ ಎರಡಿಂಚಿನಲ್ಲಿ ತಲೆಯ ಮಲ್ಲಿಗೆಯಾದರೂ ಹೋಗುತ್ತದೆ, ಸೀರೆಯ ಅಂಚಾದರೂ ಹೋಗುತ್ತದೆ. ತಲೆಯ ಮೇಲೆ, ಕಾಲ ಕೆಳಗೆ ಜಾಗ ಬಿಟ್ಟು ತೆಗೆಯಲು ಮೊದಲೇ ಹೇಳಬೇಕಿತ್ತು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅಲ್ಲೇ ಪ್ರಿಂಟ್ ಹಾಕಿಸುತ್ತೇವೆ ಎಂದರೆ ವಾಟ್ಸಾಪ್ ಅದನ್ನು ಹಿಂಡಿ ಹಿಪ್ಪೆ ಮಾಡಿರುತ್ತದೆ. 8×10ಕ್ಕೆ 2400×3000 ಪಿಕ್ಸೆಲ್ ಇದ್ದರೆ ಚೆನ್ನ, ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಹೇಗೂ ಅಂಚೆಯಲ್ಲಿ 8×10 ಬರುವ ಹೊತ್ತಿಗೆ ಅಜ್ಜಿ ದಾವಣಗೆರೆಯ ಅಂಗಡಿಯಿಂದ 8×12ರ ಫ್ರೇಮು ತಂದಿಟ್ಟಿರುತ್ತಾರೆ. ಕೆಳಗೆ ಎರಡಿಂಚು ಖಾಲಿ. ಅಲ್ಲಿಗೆ ಅಜ್ಜಿ ಟ್ರಂಕಿನಿಂದ ಹುಡುಕಿ ತೆಗೆದ, ಮಗಳ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಉಳಿಕೆ ಫೋಟೊವನ್ನು ಸಿಕ್ಕಿಸುತ್ತಾರೆ. ಅದರಲ್ಲಿ ಎರಡೂ ಕಿವಿ ಕಾಣುತ್ತವೆ.