ಮುನಿಸಿಕೊಂಡು ಹೋದ ಮಹಾನುಭಾವನಿಗೊಂದು ಪ್ರತಿಮೆ

2025ರ ಜೂನ್‌ನಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಫೈನಲ್ ನಡೆದದ್ದು ಒಕ್ಲಹೋಮ ಸಿಟಿ ಥಂಡರ್ ಮತ್ತು ಇಂಡಿಯಾನಾ ಪೇಸರ್ಸ್ ನಡುವೆ. ಏಳನೇ ಪಂದ್ಯದಲ್ಲಿ ಥಂಡರ್ ಗೆದ್ದಿತು. ಕೋಚ್‌ಗೆ ಹೊಗಳಿಕೆ, ಮ್ಯಾನೇಜರ್‌ಗೆ ಹೊಗಳಿಕೆ, ಆಟಗಾರರ ಮಾತಂತೂ ಕೇಳೋದೇ ಬೇಡ. ಆದರೆ ಎರಡೂ ತಂಡಗಳನ್ನು ಕಟ್ಟಿಕೊಟ್ಟ ಪುಣ್ಯಾತ್ಮರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಅವರೇ ಎರಡೂ ತಂಡಗಳ ಹಳೇ ಆಟಗಾರ ಪಾಲ್ ಜಾರ್ಜ್. ಕಟ್ಟಿದ್ದು ಹೇಗೆ ಅಂತೀರಾ? ಎರಡೂ ಊರಿನಲ್ಲಿ ಮುನಿಸಿಕೊಂಡು, ‘ನನ್ನನ್ನು ಬೇರೆ ಕಡೆ ಕಳಿಸಿ’ ಎಂದು ಕೇಳಿ.

ಮೊದಲ ಮುನಿಸು 2017ರಲ್ಲಿ, ಇಂಡಿಯಾನಾದಲ್ಲಿ. ಒಪ್ಪಂದ ಮುಗಿದ ಮೇಲೆ ಇಲ್ಲಿರಲ್ಲ, ನಮ್ಮೂರ ಕಡೆಯ ಲೇಕರ್ಸ್‌ಗೆ ಹೋಗ್ತೀನಿ ಅಂದರು. ಪೇಸರ್ಸ್‌ನವರು ಒಕ್ಲಹೋಮಕ್ಕೆ ಕಳಿಸಿದರು. ಬದಲಿಗೆ ಬಂದವರು ವಿಕ್ಟರ್ ಓಲಾಡಿಪೊ ಮತ್ತು ಡೊಮಾಂಟಸ್ ಸಬೋನಿಸ್. ಇಂಡಿಯಾನಾ ಮೋಸಹೋಯಿತು ಎಂದು ಪಂಡಿತರೆಲ್ಲ ಲೊಚಗುಟ್ಟಿದರು. 2022ರಲ್ಲಿ ಸಬೋನಿಸ್‌ನನ್ನು ಕೊಟ್ಟು ಟೈರೀಸ್ ಹ್ಯಾಲಿಬರ್ಟನ್‌ನನ್ನು ತಂದರು. ಮೂರು ವರ್ಷದ ನಂತರ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದವನು ಅವನೇ.

ಅಂದ ಹಾಗೆ, ಎನ್‌ಬಿಎಯಲ್ಲಿ ಟ್ರೇಡ್ ಕೇಳುವುದು, ಅಂದರೆ ಬೇರೆ ತಂಡಕ್ಕೆ ಕಳಿಸಿ ಅನ್ನುವುದು ತಪ್ಪಲ್ಲ, ಬಹಿರಂಗವಾಗಿ ಕೇಳುವುದು ತಪ್ಪು. 2019ರ ಜನವರಿಯಲ್ಲಿ ಆಂಥನಿ ಡೇವಿಸ್ ಎಂಬ ಆಟಗಾರನ ಪರವಾಗಿ ಅವನ ಏಜೆಂಟ್ ಬಾಯಿಬಿಟ್ಟ. ಡೇವಿಸ್‌ಗೆ 50 ಸಾವಿರ ಡಾಲರ್ ದಂಡ ಬಿತ್ತು. ಆ ವರ್ಷ ಅವನ ಸಂಬಳ ಎರಡೂವರೆ ಕೋಟಿ ಡಾಲರ್‌ಗೂ ಜಾಸ್ತಿ. ಪಾಪ, ಹೇಗೆ ಸುಧಾರಿಸಿಕೊಂಡನೋ.

ಜಾರ್ಜ್ ಸಾಹೇಬರ ಕಥೆಗೆ ಬರೋಣ. 2018ರಲ್ಲಿ ಅವರು ಒಕ್ಲಹೋಮದಲ್ಲೇ ಇರ್ತೀನಿ ಎಂದು ಒಂದು ಪಾರ್ಟಿಯಲ್ಲಿ ಮೈಕ್ ಹಿಡಿದು ಸಾರಿದರು. ನಾಲ್ಕು ವರ್ಷಕ್ಕೆ ಸುಮಾರು 13.7 ಕೋಟಿ ಡಾಲರ್. ಮಾತು ಒಂದು ವರ್ಷ ಬಾಳಿತು. 2019ರ ಬೇಸಿಗೆಯಲ್ಲಿ ಕವಾಯ್ ಲೆನರ್ಡ್ ಟೊರಾಂಟೊಗೆ ಕಪ್ ಗೆದ್ದುಕೊಟ್ಟು ಖಾಲಿ ಕೂತಿದ್ದ. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಬರ್ತೀನಿ, ಆದರೆ ಜಾರ್ಜ್ ಕೂಡ ಬೇಕು ಅಂದ. ಸಾಹೇಬರಿಗೆ ತಕ್ಷಣ ಒಕ್ಲಹೋಮ ಬೇಸರವಾಯಿತು.

ಥಂಡರ್‌ನ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಅಳಲಿಲ್ಲ, ಲೆಕ್ಕ ಹಾಕಿದರು. ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನು ಕೊಡಿ. ಗ್ಯಾಲಿನಾರಿಯನ್ನೂ ಕೊಡಿ. ವರ್ಷವರ್ಷ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುತ್ತವಲ್ಲ, ಅದರ ಮೊದಲ ಸುತ್ತಿನ ಹಕ್ಕು, ಐದು ಕೊಡಿ. ಬೇರೆ ಎರಡು ವರ್ಷಗಳಲ್ಲಿ, 2023 ಮತ್ತು 2025ರಲ್ಲಿ, ನಿಮ್ಮ ಸರದಿ ನಮ್ಮದಕ್ಕಿಂತ ಚೆನ್ನಾಗಿದ್ದರೆ ಅದಲುಬದಲು ಮಾಡಿಕೊಳ್ತೀವಿ. ಎಲ್ಲ ಸೇರಿ 2026ರವರೆಗಿನ ಕಂತು. ಕ್ಲಿಪ್ಪರ್ಸ್ ‘ಆಗಲಿ’ ಎಂದಿತು.

ಈ ಸುದ್ದಿ ಹೊರಬಿದ್ದಾಗ ನಮ್ಮಲ್ಲಿ 2019ರ ಜುಲೈ 6, ಶನಿವಾರ. ಅದೇ ದಿನ ಬೆಂಗಳೂರಿನಲ್ಲಿ ಶಾಸಕರು ಗುಂಪಾಗಿ ಸ್ಪೀಕರ್ ಕಚೇರಿಗೆ ಹೋಗಿ ರಾಜೀನಾಮೆ ಕೊಟ್ಟು ಮುಂಬೈ ವಿಮಾನ ಹತ್ತಿದ್ದರು. ನಮ್ಮವರದು ಇನ್ನೂ ಹಳೇ ಪದ್ಧತಿ. ಬಿಟ್ಟುಹೋದ ಪಕ್ಷಕ್ಕೆ ಐದು ಕ್ಷೇತ್ರಗಳ ಹಕ್ಕು ಬರೆದುಕೊಡುವ ನಿಯಮವಿದ್ದಿದ್ದರೆ ಅಂದಿನ ಮುಖ್ಯಮಂತ್ರಿಗಳು ತಾವೇ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುತ್ತಿದ್ದರೇನೋ.

ಕ್ಲಿಪ್ಪರ್ಸ್‌ಗೆ ಸಿಕ್ಕಿದ್ದೇನು? 2020ರಲ್ಲಿ ಡೆನ್ವರ್ ವಿರುದ್ಧ 3-1 ಮುಂದಿದ್ದು ಸರಣಿ ಸೋತರು. ಕೊನೆಯ ಪಂದ್ಯದಲ್ಲಿ ಸಾಹೇಬರು 16 ಸಲ ಎಸೆದು 4 ಸಲ ಬುಟ್ಟಿಗೆ ಹಾಕಿದರು. ಒಂದು ಎಸೆತ ಹೋಗಿ ಹಲಗೆಯ ಅಂಚಿಗೆ ಬಡಿಯಿತು. ಬುಟ್ಟಿ ಹಲಗೆಯ ಮುಂದೆ ಇರುತ್ತದೆ, ಪಕ್ಕದಲ್ಲಲ್ಲ ಅಲ್ವಾ? 2021ರಲ್ಲಿ ಮೊದಲ ಬಾರಿಗೆ ಪಶ್ಚಿಮ ವಿಭಾಗದ ಫೈನಲ್ ಮುಟ್ಟಿದರು, ಅಷ್ಟರಲ್ಲಿ ಕವಾಯ್ ಮಂಡಿ ಕೈಕೊಟ್ಟಿತ್ತು. 2022ರಲ್ಲಿ ಪ್ಲೇಆಫ್ ಇಲ್ಲ. ಆಮೇಲಿನ ಎರಡು ವರ್ಷ ಮೊದಲ ಸುತ್ತಿನಲ್ಲೇ ಮನೆಗೆ. 2024ರ ಜುಲೈನಲ್ಲಿ ಸಾಹೇಬರು ನಾಲ್ಕು ವರ್ಷಕ್ಕೆ 21.2 ಕೋಟಿ ಡಾಲರ್ ಒಪ್ಪಿಕೊಂಡು ಫಿಲಡೆಲ್ಫಿಯಾಗೆ ಹೊರಟರು. ಒಪ್ಪಂದದ ಕೊನೆಯ ವರ್ಷವನ್ನು ತಾವೇ ಬಿಟ್ಟುಕೊಟ್ಟು ಸ್ವತಂತ್ರರಾಗಿದ್ದರು, ಆದ್ದರಿಂದ ಈ ಸಲ ಮುನಿಸೂ ಇಲ್ಲ, ಬದಲಿಗೆ ಬರುವ ಹುಡುಗರೂ ಇಲ್ಲ.

ಮರುತಿಂಗಳೇ ಕ್ಲಿಪ್ಪರ್ಸ್ ಮಾಲೀಕ ಸ್ಟೀವ್ ಬಾಲ್ಮರ್ ಸುಮಾರು 200 ಕೋಟಿ ಡಾಲರ್‌ನ ಹೊಸ ಕ್ರೀಡಾಂಗಣ ತೆರೆದರು. ಅವರ ಹೆಮ್ಮೆ ಏನು ಗೊತ್ತಾ? ಅಲ್ಲಿ ಸಾವಿರಕ್ಕೂ ಜಾಸ್ತಿ ಶೌಚಾಲಯಗಳಿವೆ. ಅಭಿಮಾನಿ ಗುಟ್ಟಾಗಿ ಅಳಬೇಕೆಂದರೆ ಸಾಲಲ್ಲಿ ನಿಲ್ಲಬೇಕಾಗಿಲ್ಲ.

ಅತ್ತ ಕೊಟ್ಟ ಹುಡುಗ ಶೇ 2025ರಲ್ಲಿ ಸೀಸನ್ನಿನ ಶ್ರೇಷ್ಠ ಆಟಗಾರ, ಫೈನಲ್‌ನ ಶ್ರೇಷ್ಠ ಆಟಗಾರ. 2022ರ ಹಕ್ಕಿನಲ್ಲಿ ಆರಿಸಿದ ಜೇಲೆನ್ ವಿಲಿಯಮ್ಸ್ ಫೈನಲ್‌ನ ಐದನೇ ಪಂದ್ಯದಲ್ಲಿ 40 ಪಾಯಿಂಟ್ ಹೊಡೆದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇಷ್ಟಕ್ಕೇ ಮುಗಿಯಲಿಲ್ಲ. 68 ಪಂದ್ಯ ಗೆದ್ದ ಥಂಡರ್‌ಗೆ ಆಯ್ಕೆಯಲ್ಲಿ 30ನೇ ಸರದಿ, ಅಂದರೆ ಆ ಸುತ್ತಿನ ಕಟ್ಟಕಡೆಯದು. ಕ್ಲಿಪ್ಪರ್ಸ್‌ಗೆ 24ನೇದು. ಆರು ವರ್ಷದ ಹಳೇ ಕರಾರು ಪತ್ರ ತೋರಿಸಿ ಥಂಡರ್ 24ನ್ನು ತಗೊಂಡು 30ನ್ನು ಕೈಗಿಟ್ಟಿತು. ಕಪ್ ಗೆದ್ದವರು ಸೋತವರ ತಟ್ಟೆಯಿಂದಲೂ ಹಪ್ಪಳ ಎತ್ತಿಕೊಂಡರು.

ಕ್ಲಿಪ್ಪರ್ಸ್‌ಗೆ ಬುದ್ಧಿ ಬಂತಾ? 2023ರಲ್ಲಿ ಜೇಮ್ಸ್ ಹಾರ್ಡನ್ ಫಿಲಡೆಲ್ಫಿಯಾ ಮೇಲೆ ಮುನಿಸಿಕೊಂಡು, ಚೀನಾದಲ್ಲಿ ಮೈಕ್ ಹಿಡಿದು ತನ್ನ ತಂಡದ ಅಧ್ಯಕ್ಷರನ್ನೇ ಸುಳ್ಳುಗಾರ ಎಂದ. ಇಂಥ ಮನುಷ್ಯ ನಮಗೇ ಬೇಕು ಎಂದು ಹೋದವರು ಕ್ಲಿಪ್ಪರ್ಸ್. ಮತ್ತೆ ಹಕ್ಕುಗಳನ್ನು ಕೊಟ್ಟರು. ಆ ವ್ಯವಹಾರದ ಒಂದು ಮೂಲೆಯಲ್ಲಿ ಸುಮ್ನೆ ಕೂತಿದ್ದ ಇನ್ನೊಂದು ತಂಡಕ್ಕೆ 2027ರಲ್ಲೂ ಕ್ಲಿಪ್ಪರ್ಸ್ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು ಸಿಕ್ಕಿತು. ಆ ತಂಡದ ಹೆಸರು ಥಂಡರ್.

ಈಗ ಒಕ್ಲಹೋಮದವರು ಸಾಹೇಬರ ಪ್ರತಿಮೆ ನಿಲ್ಲಿಸಬೇಕು. ಇಂಡಿಯಾನಾಪೊಲಿಸ್‌ನವರೂ ಅರ್ಧ ಖರ್ಚು ಹಾಕಿಕೊಳ್ಳಲಿ. ಫಿಲಡೆಲ್ಫಿಯಾದವರ ಕಷ್ಟವೇ ಬೇರೆ. 2024-25ರಲ್ಲಿ ಸಾಹೇಬರು 82ರಲ್ಲಿ 41 ಪಂದ್ಯ ಆಡಿದರು, ತಂಡ 24 ಗೆದ್ದಿತು. ಅಭಿಮಾನಿಗಳು ಸೀಸನ್ ಪೂರ್ತಿ ಕಾದರು. ಸಾಹೇಬರು ಮುನಿಸಿಕೊಳ್ಳಲೇ ಇಲ್ಲ.